ಹ್ಯಾಮಕ್ ಬಿಗಿಯಬೇಡಿ, ಜೋಲು ಬಿಡಿ

ನಮ್ಮ ತೋಟ ಗುಬ್ಬಿ ತಾಲ್ಲೂಕಿನ ನಿಟ್ಟೂರು ಕಡೆ ಇದೆ. ಮೂರೂವರೆ ಎಕರೆ ತೆಂಗು, ನಡುವೆ ಒಂದಿಷ್ಟು ಅಡಿಕೆ, ಬದುವಿನ ಮೇಲೆ ಸಿಲ್ವರ್ ಓಕ್ ಮತ್ತು ತೇಗ, ಮೂಲೆಯಲ್ಲಿ ಎರಡು ಹಳೇ ಮಾವಿನ ಮರ. ನಮ್ಮ ಲೈನಿನಲ್ಲಿ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ತೋಟದಲ್ಲೇ ಮಲಗಬೇಕು. ಆಟೋ ಸ್ಟಾರ್ಟರ್ ಹಾಕಿಸಿದ್ದೇನೆ, ಮೋಟರ್ ತಾನೇ ಆನ್ ಆಗುತ್ತದೆ. ಆದರೆ ನೀರನ್ನು ಬೇರೆ ಕಡೆಗೆ ತಿರುಗಿಸುವ ಗೇಟ್‌ವಾಲ್ ತಾನೇ ತಿರುಗುವುದಿಲ್ಲವಲ್ಲ!

ಮೊದಲು ಮೋಟರ್ ಮನೆಯ ಮುಂದೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಒಂದು ರಾತ್ರಿ ಟಾರ್ಚ್ ಹಾಕಿದರೆ ಚಾಪೆಯ ಅಂಚಿನಲ್ಲೇ ಕಟ್ಟುಹಾವು. ಅದು ನೆಲದ ಮೇಲೆ ಮಲಗಿದವರ ಹಾಸಿಗೆಯೊಳಗೇ ಬಂದು ಕಚ್ಚುವ ಜಾತಿ. ಎಷ್ಟೋ ಸಲ ಕಚ್ಚಿದ್ದೂ ಗೊತ್ತಾಗುವುದಿಲ್ಲ, ನೋವೇ ಇರುವುದಿಲ್ಲ. ಅವತ್ತು ಬೆಳಗಿನ ತನಕ ಸ್ಕೂಟರ್ ಮೇಲೆ ಕೂತು ಕಳೆದೆ. ಮಾರನೇ ವಾರವೇ ಹ್ಯಾಮಕ್, ಅಂದರೆ ಎರಡು ಮರದ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ, ತರಿಸಿದೆ.

ಪೆಟ್ಟಿಗೆ ಬಿಚ್ಚಿ ಅಂಗಳದಲ್ಲಿ ಹರಡಿದಾಗ ನಮ್ಮವ್ವ ನೋಡಿ, "ಏನ್ಲಾ ಇದು, ಮಗೀಗೆ ಕಟ್ಟೋ ಜೋಲಿ ಇದ್ದಂಗೈತೆ" ಅಂದಳು. ಆಗ ನಕ್ಕಿದ್ದೆ. ಆಮೇಲೆ ಯೋಚನೆ ಮಾಡಿದರೆ ಅವ್ವ ಹೇಳಿದ್ದೇ ಸರಿ. ಹೊಲದಲ್ಲಿ ಕಳೆ ಕೀಳುವವರು ಹೊಂಗೆ ಕೊಂಬೆಗೆ ಸೀರೆ ಕಟ್ಟಿ ಮಗು ಮಲಗಿಸುವುದನ್ನು ನೋಡಿದ್ದೀರಲ್ಲ? ಆ ಸೀರೆಯನ್ನು ಯಾರೂ ಬಿಗಿಯಾಗಿ ಎಳೆದು ಕಟ್ಟುವುದಿಲ್ಲ. ಅದು ಆಳವಾಗಿ ಜೋತು ಬಿದ್ದಿರುತ್ತದೆ. ನಾನು ಮಾತ್ರ ಹಗ್ಗದ ಮಂಚ ಬಿಗಿದ ಹಾಗೆ, ಕಾಲು ಮರಕ್ಕೆ ಕೊಟ್ಟು ಎಳೆದು ಕಟ್ಟಿದೆ. ಸಪಾಟಾಗಿದ್ದರೆ ಬೆನ್ನು ನೆಟ್ಟಗಿರುತ್ತದೆ ಅನ್ನುವ ಲೆಕ್ಕ. ಹತ್ತಿ ಮಲಗಿದ್ದೇ ತಡ, ಎರಡೂ ಕಡೆ ಬಟ್ಟೆ ಬಂದು ಭುಜ ಹಿಂಡಿತು, ಹೊರಳಿದರೆ ಬೀಳುವ ಭಯ. ಎರಡನೇ ರಾತ್ರಿ ಬಿದ್ದೇ ಬಿಟ್ಟೆ. ಅದರ ಜೊತೆ ಕೊಟ್ಟಿದ್ದ ತೆಳ್ಳನೆಯ ನೈಲಾನ್ ಹಗ್ಗ ಗಂಟಿನ ಹತ್ತಿರ ಕಿತ್ತುಕೊಂಡಿತ್ತು. ಸೊಂಟದ ಮೂಳೆ ಒಂದು ವಾರ ನೋಯಿತು.

ಹಗ್ಗ ಕೆಟ್ಟದ್ದೇ ಇರಬಹುದು. ಆದರೆ ತಪ್ಪು ನನ್ನದೂ ಇತ್ತು, ಅದು ಗೊತ್ತಾಗಿದ್ದು ಲೆಕ್ಕ ಹಾಕಿದ ಮೇಲೆ. ಬಟ್ಟೆ ಒಣಗಿಸುವ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿ ಮಧ್ಯೆ ಒಂದು ಒದ್ದೆ ರಗ್ಗು ಹಾಕಿ ನೋಡಿ. ಗೋಡೆಯ ಮೊಳೆಯೇ ಕಿತ್ತು ಬರುತ್ತದೆ. ಅದೇ ತಂತಿ ಸಡಿಲವಾಗಿದ್ದರೆ ಏನೂ ಆಗುವುದಿಲ್ಲ. ಇಲ್ಲೂ ಹಾಗೇ. ನನ್ನ ತೂಕ 75 ಕಿಲೋ. ಹ್ಯಾಮಕ್ಕನ್ನು ಮರಕ್ಕೆ ಕಟ್ಟುವ ಹಗ್ಗ ಅಥವಾ ಬೆಲ್ಟು ನೆಲಮಟ್ಟಕ್ಕೆ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಬೆಲ್ಟಿನ ಮೇಲೆ ಬೀಳುವ ಎಳೆತ ಸರಿಯಾಗಿ 75 ಕಿಲೋ. 15 ಡಿಗ್ರಿಗೆ ಬಿಗಿದರೆ ಸುಮಾರು 145 ಕಿಲೋ. ಇನ್ನೂ ಎಳೆದು 5 ಡಿಗ್ರಿಗೆ ತಂದರೆ 430 ಕಿಲೋ! ಮನುಷ್ಯ ಅವನೇ, ಹಗ್ಗ ಅದೇ. ನಾನು ಅವತ್ತು ಕಟ್ಟಿದ್ದು ಹೆಚ್ಚೂ ಕಡಿಮೆ ಆ ಲೆಕ್ಕದಲ್ಲೇ ಇರಬೇಕು.

ಹಾಗಾದರೆ 30 ಡಿಗ್ರಿ ಅಳೆಯುವುದು ಹೇಗೆ? ಕೋನಮಾಪಕ ಯಾರ ಜೇಬಿನಲ್ಲಿರುತ್ತದೆ? ಮರದಿಂದ ಹ್ಯಾಮಕ್ಕಿನ ತುದಿಯ ತನಕ ಬೆಲ್ಟಿನ ಉದ್ದ ನೋಡಿ. 2 ಅಡಿ ಬೆಲ್ಟಿದ್ದರೆ ಅದರ ಕೆಳತುದಿ ಮೇಲ್ತುದಿಗಿಂತ 1 ಅಡಿ ಕೆಳಗಿರಬೇಕು. 3 ಅಡಿ ಇದ್ದರೆ ಒಂದೂವರೆ ಅಡಿ. ಉದ್ದದ ಅರ್ಧ ಇಳಿತ, ಅಷ್ಟೇ. ಇನ್ನೊಂದು ಉಪಾಯವೂ ಇದೆ. ಮಕ್ಕಳು ಢಿಶುಂ ಅಂತ ಬಂದೂಕು ಹಿಡಿಯುವ ಹಾಗೆ ಹೆಬ್ಬೆರಳು ಮೇಲೆ, ತೋರುಬೆರಳು ಮುಂದೆ ಚಾಚಿ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಎಳೆದ ಗೆರೆ ಹೆಚ್ಚುಕಡಿಮೆ 30 ಡಿಗ್ರಿ. ಬೆಲ್ಟಿನ ಪಕ್ಕ ಕೈ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಕತ್ತಲಲ್ಲೂ ಬೆರಳಿನಲ್ಲೇ ತಡಕಿ ನೋಡಬಹುದು. ಮಲಗಿದ ಮೇಲೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಅದು ಸಹಜ.

ಈಗ ಮರ. ತುಮಕೂರು ಜಿಲ್ಲೆಯವರಿಗೆ ಮರ ಅಂದರೆ ಮೊದಲು ತೆಂಗು ಕಾಣುತ್ತದೆ. ಸಿನಿಮಾದಲ್ಲಿ ಸಮುದ್ರದ ಪಕ್ಕ ಎರಡು ತೆಂಗಿನ ಮರದ ನಡುವೆ ಹ್ಯಾಮಕ್ ಕಟ್ಟಿರುವುದನ್ನು ನೋಡಿ ನಂಬಬೇಡಿ. ಫಲ ಬಿಟ್ಟ ತೆಂಗಿನ ಕೆಳಗೆ ರಾತ್ರಿ ಮಲಗುವುದು ಅಂದರೆ ತಲೆ ಮೇಲೆ ಕಾಯಿ ಬೀಳಲಿ ಅಂತ ಕಾದ ಹಾಗೆ. ಕಾಯಿ ಬೀಳದಿದ್ದರೂ ಒಣಗಿದ ಗರಿ ಬೀಳುತ್ತದೆ, ಅದರ ಎಡೆಮಟ್ಟೆ ಏನು ಕಡಿಮೆ ತೂಕವೇ? ಸಾಲದ್ದಕ್ಕೆ ನಮ್ಮ ಕಡೆ ತೆಂಗು ಹಾಕುವುದೇ 30 ಅಡಿಗೊಂದು. ಹ್ಯಾಮಕ್ಕಿಗೆ ಬೇಕಾದ್ದು 12ರಿಂದ 16 ಅಡಿ. ಇನ್ನೂ ಒಂದು ಕಾರಣ ಇದೆ. ಮಾವು, ಬೇವಿಗೆ ಗಾಯವಾದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಆ ಗುಣ ಇಲ್ಲ, ಆದ ಗಾಯ ಆದ ಹಾಗೇ. ಅದರ ವಾಸನೆ ಹಿಡಿದು ಕೆಂಪು ಮೂತಿ ಹುಳು ಬರುತ್ತದೆ. ಒಂದು ರಾತ್ರಿಯ ನಿದ್ದೆಗೆ ಒಂದು ಮರ ಕಳೆದುಕೊಳ್ಳಬೇಕೆ?

ಅಡಿಕೆ ಮರ ತೆಳು, ಬಾಗುತ್ತದೆ. ಪರಂಗಿ, ನುಗ್ಗೆ ಕಡೆ ನೋಡಲೇ ಬೇಡಿ, ಮುರಿದು ಮೈಮೇಲೆ ಬರುತ್ತವೆ. ಬದುವಿನ ಸಿಲ್ವರ್ ಓಕ್ ಮತ್ತು ತೇಗವೇ ನನಗೆ ಒಗ್ಗಿದ್ದು. ನಮ್ಮಪ್ಪ 12 ಅಡಿಗೊಂದು ಹಾಕಿದ್ದರು, ಹೇಳಿ ಮಾಡಿಸಿದ ಹಾಗಿದೆ. ಎರಡೂ ಅಂಗೈಯಲ್ಲಿ ಸುತ್ತಿ ಹಿಡಿದರೆ ಬೆರಳಿಗೆ ಬೆರಳು ಮುಟ್ಟಬಾರದು, ಅಷ್ಟು ದಪ್ಪ ಇರಲಿ. ಕಟ್ಟುವ ಮೊದಲು ತಲೆಯೆತ್ತಿ ಮೇಲೆ ನೋಡಿ. ಒಣಗಿದ ಕೊಂಬೆ ಇದ್ದರೆ ಮರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಮಾವಿನ ಮರವಾದರೆ ಎಲೆ ಹೆಣೆದ ಕೆಂಜಿಗದ ಗೂಡು ಇದೆಯಾ ನೋಡಿ. ಅವಕ್ಕೆ ನಿಮ್ಮ ಬೆಲ್ಟೇ ಸೇತುವೆ. ಬೆಲ್ಟಿನ ಮೇಲೊಂದು ಬಟ್ಟೆ ಚೂರು ಸುತ್ತಿ ಅದಕ್ಕೆ ಹರಳೆಣ್ಣೆ ಹಚ್ಚಿದರೆ ಒಂದೆರಡು ಇರುವೆ ತಡೆಯುತ್ತದೆ. ಗೂಡೇ ಇದ್ದರೆ ಯಾವ ಎಣ್ಣೆಯೂ ಸಾಲದು.

ಹುಣಸೆ ಮರದ ವಿಷಯ ಕೇಳುತ್ತೀರಿ, ಗೊತ್ತು. ಗಟ್ಟಿ ಮರ, ದಪ್ಪ ಬುಡ. ಆದರೆ ಅಲ್ಲಿ ಕಟ್ಟುತ್ತೇನೆ ಅಂದರೆ ಅವ್ವ ಊಟ ಬಿಡುತ್ತಾಳೆ. ದೆವ್ವ ಇದೆಯೋ ಇಲ್ಲವೋ, ಅವ್ವನ ಜೊತೆ ಜಗಳ ಯಾರಿಗೆ ಬೇಕು!

ಮರಕ್ಕೆ ಹಗ್ಗ ಕಟ್ಟಬೇಡಿ, ಪಟ್ಟಿ ಬೆಲ್ಟು ಕಟ್ಟಿ. ಕನಿಷ್ಠ 1 ಇಂಚು ಅಗಲ, 2 ಇಂಚಾದರೆ ಇನ್ನೂ ಒಳ್ಳೆಯದು. ತೆಳು ಹಗ್ಗ ತೊಗಟೆ ಕೊಯ್ಯುತ್ತದೆ. ನೈಲಾನ್ ಬೇಡ, ಅದು ಭಾರಕ್ಕೆ ಹಿಗ್ಗುತ್ತಾ ಹೋಗಿ ಬೆಳಗಿನ ಜಾವಕ್ಕೆ ನಿಮ್ಮ ಸೊಂಟ ನೆಲ ಮುಟ್ಟಿಸುತ್ತದೆ. ಪಾಲಿಯೆಸ್ಟರ್ ಕೇಳಿ. ನಾನು ತುಮಕೂರಿನಲ್ಲಿ ಲಾರಿ ಸಾಮಾನಿನ ಅಂಗಡಿಗೆ ಹೋಗಿ, ಲೋಡು ಬಿಗಿಯುವ ಬೆಲ್ಟು ತಂದೆ. ಅದನ್ನು ಎಳೆದು ಬಿಗಿಯುವ ರಾಚೆಟ್ ಹಿಡಿಕೆ ತೆಗೆದುಹಾಕಿ, ಒಂದು ತುದಿಗೆ ಕುಣಿಕೆ ಹೊಲಿಸಿದೆ. ಚೀಲ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಹೊಲಿಸಿ, ಮಾಮೂಲಿ ಬಟ್ಟೆ ಮಿಷನ್ನಿನ ಹೊಲಿಗೆ ನಂಬಬೇಡಿ. ಬೆಲ್ಟನ್ನು ಮರಕ್ಕೆ ಸುತ್ತಿ ಇನ್ನೊಂದು ತುದಿಯನ್ನು ಕುಣಿಕೆಯೊಳಗೆ ತೂರಿಸಿ ಎಳೆದರೆ ಮುಗಿಯಿತು. ಭಾರ ಬಿದ್ದಷ್ಟೂ ಮರವನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಎತ್ತರಕ್ಕೆ? ಮರಗಳ ನಡುವೆ 14 ಅಡಿ ಇದ್ದರೆ ಸುಮಾರು 6 ಅಡಿ ಎತ್ತರ, ಅಂದರೆ ನನ್ನ ತಲೆಗಿಂತ ಹೆಚ್ಚೆಂದರೆ ಒಂದು ಗೇಣು ಮೇಲೆ. ದೂರ ಜಾಸ್ತಿಯಾದಷ್ಟೂ ಬೆಲ್ಟನ್ನು ಇನ್ನೂ ಮೇಲೆ ಕಟ್ಟಬೇಕು.

ಹ್ಯಾಮಕ್ ಯಾವುದು ಅನ್ನುವುದು ಮೊದಲೇ ಹೇಳಬೇಕಿತ್ತು. ಎರಡೂ ತುದಿಗೆ ಮರದ ಕೋಲು ಇರುವುದು ನೋಡಲು ಚಂದ, ಮಲಗಿ ಹೊರಳಿದರೆ ಮಗುಚಿಕೊಳ್ಳುತ್ತದೆ. ಬಲೆಯ ಹಾಗೆ ಹೆಣೆದದ್ದು ಬೆನ್ನಿನ ಮೇಲೆ ಚೌಕಳಿ ಮೂಡಿಸುತ್ತದೆ. ತುದಿಯಲ್ಲಿ ಬಟ್ಟೆ ಮುದುರಿ ಕಟ್ಟಿರುವ, ಪ್ಯಾರಾಚೂಟ್ ಬಟ್ಟೆಯಂಥದ್ದು ತೆಗೆದುಕೊಳ್ಳಿ. ಉದ್ದ ಮುಖ್ಯ. ಅಂಗಡಿಯಲ್ಲಿ ಸಿಗುವ 8-9 ಅಡಿಯದು ಕೂತು ತೂಗಾಡುವುದಕ್ಕೆ ಸರಿ. ರಾತ್ರಿ ಪೂರ್ತಿ ಮಲಗಲು 10 ಅಡಿಯಾದರೂ ಬೇಕು. ನನ್ನದು 11 ಅಡಿ.

ಉದ್ದ ಯಾಕೆ ಅಂದರೆ ಓರೆಯಾಗಿ ಮಲಗುವುದಕ್ಕೆ. ಹ್ಯಾಮಕ್ಕಿನ ಗುಟ್ಟೆಲ್ಲಾ ಇದರಲ್ಲೇ ಇದೆ. ಉದ್ದಕ್ಕೆ ನೇರ ಮಲಗಿದರೆ ಮೈ ಬಾಳೆಹಣ್ಣಿನ ಹಾಗೆ ಬಾಗುತ್ತದೆ, ಮಂಡಿ ಹಿಂದಕ್ಕೆ ಮುರಿದ ಹಾಗಾಗುತ್ತದೆ. ಆ ಬಾಗು ನಮಗೆ ಹಿತವಲ್ಲ. ಮಧ್ಯದ ಗೆರೆಯಿಂದ ತಲೆ ಒಂದು ಅಡಿ ಎಡಕ್ಕೆ, ಕಾಲು ಒಂದು ಅಡಿ ಬಲಕ್ಕೆ ಸರಿಸಿ. ಬಟ್ಟೆ ಇದ್ದಕ್ಕಿದ್ದ ಹಾಗೆ ಅಗಲವಾಗಿ, ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಭುಜ ಹಿಂಡುವುದು ನಿಲ್ಲುತ್ತದೆ. ಮಗ್ಗುಲಾಗಿಯೂ ಮಲಗಬಹುದು. ನಾನು ಎಡಮಗ್ಗುಲಿನವನು, ಎಡಮಗ್ಗುಲಲ್ಲೇ ಬೆಳಗು ಮಾಡುತ್ತೇನೆ. ಬಿಗಿಯಾಗಿ ಕಟ್ಟಿದ ಹ್ಯಾಮಕ್ಕಿನಲ್ಲಿ ಓರೆ ಮಲಗಲು ಆಗುವುದೇ ಇಲ್ಲ, ಬಟ್ಟೆ ಮಧ್ಯಕ್ಕೇ ತಳ್ಳುತ್ತದೆ. ಅದಕ್ಕೇ ಜೋಲು ಬಿಡಿ ಅಂತ ಬಡಕೊಳ್ಳುತ್ತಿರುವುದು. ಕಾಲಿನ ಕಡೆ ಬೆಲ್ಟನ್ನು ತಲೆ ಕಡೆಗಿಂತ ಒಂದು ಗೇಣು ಮೇಲೆ ಕಟ್ಟಿದರೆ ಮೈ ಕಾಲಿನ ಕಡೆ ಜಾರುವುದಿಲ್ಲ. ಮಂಡಿ ಕೆಳಗೆ ಟವೆಲ್ ಮಡಚಿ ಇಡಿ. ದಿಂಬು ತೆಳ್ಳಗಿರಲಿ, ತಲೆ ಹೇಗೂ ಸ್ವಲ್ಪ ಮೇಲೇ ಇರುತ್ತದೆ.

ಪ್ರತಿ ಸಲ ಅಳೆಯುವ ರಗಳೆ ಬೇಡ ಅನ್ನುವವರಿಗೆ ಒಂದು ದಾರ ಸಾಕು. ಹ್ಯಾಮಕ್ಕಿನ ಈ ತುದಿಯಿಂದ ಆ ತುದಿಗೆ, ನಿಮ್ಮ ಮೇಲುಗಡೆ ಹಾದುಹೋಗುವ ಹಾಗೆ ಹಿಗ್ಗದ ಗಟ್ಟಿ ದಾರ ಕಟ್ಟಿ. ಅದರ ಉದ್ದ ಹ್ಯಾಮಕ್ಕಿನ ಉದ್ದದ ನೂರಕ್ಕೆ 83 ಪಾಲು. 11 ಅಡಿ ಹ್ಯಾಮಕ್ಕಿಗೆ ಸುಮಾರು 9 ಅಡಿ ಒಂದೂವರೆ ಇಂಚು, 10 ಅಡಿಯದಕ್ಕೆ 8 ಅಡಿ 4 ಇಂಚು. ಆಮೇಲೆ ಮರಗಳ ದೂರ ಎಷ್ಟೇ ಇರಲಿ, ಜೋಲು ಬದಲಾಗುವುದಿಲ್ಲ. ಮಲಗಿ ಆ ದಾರವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ ನೋಡಿ. ಸ್ವಲ್ಪ ಬಾಗಬೇಕು. ತಂಬೂರಿ ತಂತಿಯ ಹಾಗೆ ಬಿಗಿದುಕೊಂಡಿದ್ದರೆ ಬೆಲ್ಟು ಸಡಿಲಿಸಿ. ಅದೇ ದಾರಕ್ಕೆ ನಾನು ಟಾರ್ಚು, ಕನ್ನಡಕದ ಡಬ್ಬಿ, ಸೊಳ್ಳೆ ಪರದೆ ಎಲ್ಲಾ ನೇತುಹಾಕುತ್ತೇನೆ.

ಎತ್ತರ ಕುರ್ಚಿಯಷ್ಟಿರಲಿ. ಕೂತಾಗ ನೆಲದಿಂದ ಒಂದೂವರೆ ಅಡಿ. ಅದಕ್ಕಿಂತ ಮೇಲೆ ಕಟ್ಟಿ ಹಾವಿನಿಂದ ತಪ್ಪಿಸಿಕೊಂಡೆ ಅಂದುಕೊಳ್ಳಬೇಡಿ, ಬಿದ್ದರೆ ಆಸ್ಪತ್ರೆ. ಹತ್ತುವಾಗ ಮೊದಲು ಕೈಯಲ್ಲಿ ಒತ್ತಿ ಭಾರ ಹಾಕಿ ನೋಡಿ. ಆಮೇಲೆ ಮಧ್ಯಕ್ಕೆ ಕುಂಡಿ ಊರಿ ಕೂತು, ನಂತರ ಕಾಲು ಎತ್ತಿಕೊಳ್ಳಿ. ಮಂಡಿ ಊರಿ ಹತ್ತಲು ಹೋದರೆ ಆ ಕಡೆ ಬೀಳುವುದು ಖಾತ್ರಿ. ನಮ್ಮ ಭಾಮೈದ ಬಿದ್ದ, ಅವತ್ತಿಂದ ಈ ಕಡೆ ತಲೆ ಹಾಕಿಲ್ಲ.

ಇನ್ನು ಚಳಿ. ಬೇಸಿಗೆಯಲ್ಲಿ ಕೆಳಗಿಂದ ಆಡುವ ಗಾಳಿಯಂಥ ಸುಖ ಇನ್ನೊಂದಿಲ್ಲ. ಅದೇ ಗಾಳಿ ರಾಗಿ ಕೊಯ್ಲಿನ ಕಾಲಕ್ಕೆ ಶತ್ರು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮೊದಲ ವರ್ಷ ಎರಡು ರಗ್ಗು ಹೊದ್ದೂ ನಡುಗಿದೆ. ಮೇಲೆ ಬೆವರು, ಬೆನ್ನಿಗೆ ಐಸು. ರಗ್ಗು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ನಮ್ಮ ಮೈ ಕೆಳಗೆ ಸಿಕ್ಕಿದ ರಗ್ಗು ಅಪ್ಪಚ್ಚಿಯಾಗುತ್ತದೆ, ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಹಾಗಾಗಿ ಕೆಳಗೆ ಎಷ್ಟು ಹಾಸಿದರೂ ಅಷ್ಟೇ.

ಇದಕ್ಕೆ ದುಡ್ಡಿದ್ದವರು ಕೆಳಗೆ ಕಟ್ಟುವ ವಿಶೇಷ ರಜಾಯಿ ಕೊಳ್ಳುತ್ತಾರೆ. ನನ್ನ ಹತ್ತಿರ ಇದ್ದದ್ದು ಶಿರಾ ಸಂತೆಯಲ್ಲಿ ಅಪ್ಪ ತಂದಿದ್ದ ಕುರಿ ಕಂಬಳಿ. ಅದರ ನಾಲ್ಕು ಮೂಲೆಗೂ ದಾರ ಕಟ್ಟಿ, ಹ್ಯಾಮಕ್ಕಿನ ಹೊರಗೆ, ಕೆಳಭಾಗಕ್ಕೆ ತೂಗುಹಾಕಿದೆ. ಬೆನ್ನಿಗೆ ತಾಗಿಯೂ ತಾಗದ ಹಾಗೆ. ಬಿಗಿ ಕಟ್ಟಿದರೆ ಮತ್ತೆ ಅಪ್ಪಚ್ಚಿ, ಜಾಸ್ತಿ ಜೋತುಬಿಟ್ಟರೆ ನಡುವೆ ಗಾಳಿ ನುಗ್ಗುತ್ತದೆ. ಕೈ ತೂರಿಸಿ ನೋಡಿ ಸರಿಮಾಡಬೇಕು, ಎರಡು ಮೂರು ರಾತ್ರಿ ಬೇಕಾಗುತ್ತದೆ. ಗಾಳಿ ಜೋರಿದ್ದರೆ ಕಂಬಳಿಯ ಹೊರಗೆ ಒಂದು ಹಳೇ ಬೆಡ್‌ಶೀಟ್ ಸುತ್ತುತ್ತೇನೆ. ಅವತ್ತಿಂದ ಬೆನ್ನು ತಣ್ಣಗಾಗಿಲ್ಲ. ಕಂಬಳಿ ಇಲ್ಲದವರು ಯೋಗ ಮಾಡುವ ಫೋಮ್ ಮ್ಯಾಟನ್ನು ಒಳಗೆ ಓರೆಯಾಗಿ ಹಾಸಿಕೊಳ್ಳಬಹುದು. ಫೋಮು ಅಪ್ಪಚ್ಚಿಯಾಗುವುದಿಲ್ಲ. ಆದರೆ ಹೊರಳಿದಾಗ ಜಾರುತ್ತದೆ, ಬೆವರುತ್ತದೆ.

ಕಂಬಳಿಯಿಂದ ಇನ್ನೊಂದು ಲಾಭ. ತೆಳು ಬಟ್ಟೆ ಮೈಗೆ ಅಂಟಿ ಬಿಗಿದಿರುತ್ತದಲ್ಲ, ಸೊಳ್ಳೆ ಅದರ ಮೂಲಕವೇ ಕೆಳಗಿಂದ ಕಚ್ಚುತ್ತದೆ. ಮೇಲೆ ಎಷ್ಟು ಪರದೆ ಹಾಕಿದರೂ ಬೆನ್ನು ತೂತು. ಬೇಸಿಗೆಯಲ್ಲಿ ಕಂಬಳಿ ಬದಲು ಒಂದು ಪದರ ಲುಂಗಿ ಕಟ್ಟಿದರೂ ಸಾಕು, ಸೂಜಿ ಮೈ ಮುಟ್ಟುವುದಿಲ್ಲ.

ಮಳೆಗೆ ಟಾರ್ಪಾಲು. ಹ್ಯಾಮಕ್ಕಿನ ಮೇಲುಗಡೆ ಕಟ್ಟಿದ ದಾರಕ್ಕಿಂತ ಒಂದು ಅಡಿ ಮೇಲೆ ಗುಡಿಸಲ ಸೂರಿನ ಹಾಗೆ ಇಳಿಬಿಟ್ಟು ನಾಲ್ಕು ಮೂಲೆ ಗೂಟಕ್ಕೆ ಕಟ್ಟಿದರಾಯಿತು. ಜನ ಮರೆಯುವುದು ಬೆಲ್ಟನ್ನು. ಮರದ ಮೇಲೆ ಹರಿದ ನೀರು ಬೆಲ್ಟು ಹಿಡಿದು ನೇರ ಹಾಸಿಗೆಗೆ ಬರುತ್ತದೆ. ಟಾರ್ಪಾಲಿನ ಒಳಗೆ, ಬೆಲ್ಟಿನ ತಗ್ಗಿನಲ್ಲಿ ಒಂದು ಗೇಣು ದಾರ ಕಟ್ಟಿ ಇಳಿಬಿಡಿ. ನೀರು ಆ ದಾರ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಆದರೆ ಇದೆಲ್ಲಾ ಸೋನೆ ಮಳೆಗೆ. ಭರಣಿ ಮಳೆ ಗುಡುಗು ಮಿಂಚಿನ ಜೊತೆ ಬರುತ್ತದೆ. ಮಿಂಚು ಕಂಡ ತಕ್ಷಣ ಎಲ್ಲಾ ಬಿಟ್ಟು ಮನೆ ಸೇರಿ. ಮರದ ಕೆಳಗೆ, ಅದರಲ್ಲೂ ತೆಂಗಿನ ತೋಟದಲ್ಲಿ, ಒಂದು ನಿಮಿಷವೂ ಇರಬಾರದು.

ಎಲ್ಲಿ ಮಲಗಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ದೇವರಾಯನದುರ್ಗ, ಸಿದ್ಧರಬೆಟ್ಟದ ಕಡೆ ಹೋಗಿ ಕಾಡಲ್ಲಿ ಕಟ್ಟುತ್ತೇವೆ ಅಂತ ಬೆಂಗಳೂರಿನ ಹುಡುಗರು ಕೇಳುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ರಾತ್ರಿ ಇರುವಂತಿಲ್ಲ. ನಮ್ಮ ಬೆಟ್ಟಗಳಲ್ಲಿ ಕರಡಿ ಇದೆ, ಚಿರತೆ ಇದೆ. 2019-20ರಲ್ಲಿ ಗುಬ್ಬಿ, ಹೆಬ್ಬೂರು, ಕುಣಿಗಲ್ ಕಡೆ ಚಿರತೆ ಬಾಯಿಗೆ ಸಿಕ್ಕು ಜನ ಸತ್ತರು, ಮಕ್ಕಳೂ ಸತ್ತರು. ಆ ದಿನಗಳಲ್ಲಿ ನಾವ್ಯಾರೂ ಕತ್ತಲಾದ ಮೇಲೆ ತೋಟಕ್ಕೆ ಹೋಗುತ್ತಿರಲಿಲ್ಲ. ನೀರು ಹಾಯಿಸದೆ ಒಣಗಿದರೆ ಒಣಗಲಿ ಅಂತ ಬಿಟ್ಟಿದ್ದೆವು. ಈಗಲೂ ಹೆಜ್ಜೆ ಕಂಡಿದೆ ಅಂತ ಯಾರಾದರೂ ಅಂದರೆ ಹ್ಯಾಮಕ್ ಬ್ಯಾಗಿನಲ್ಲೇ ಇರುತ್ತದೆ. ನಿಮಗೂ ಅಷ್ಟೇ ಹೇಳುವುದು. ಗುರುತಿನವರ ತೋಟ, ಮನೆ ಕೂಗಳತೆಯಲ್ಲಿರಲಿ, ಒಬ್ಬರೇ ಬೇಡ.

ರಾತ್ರಿ ಎದ್ದು ಇಳಿಯುವಾಗ ಮೊದಲು ಟಾರ್ಚ್, ಆಮೇಲೆ ಕಾಲು. ಹ್ಯಾಮಕ್ಕಿನ ಕೆಳಗೂ ಬೆಳಕು ಬಿಡಿ. ಚಪ್ಪಲಿ ನೆಲದ ಮೇಲೆ ಬಿಡಬೇಡಿ, ಚೇಳಿಗೆ ಅದು ಬಾಡಿಗೆ ಇಲ್ಲದ ಮನೆ. ನಾನು ಬೆಲ್ಟಿಗೇ ನೇತುಹಾಕುತ್ತೇನೆ. ಮೊಬೈಲು ಜೇಬಿನಲ್ಲಿ ಇಟ್ಟುಕೊಂಡು ಮಲಗಿದರೆ ಓರೆಯಾದಾಗ ಜಾರಿ ಕೆಳಗೆ ಬೀಳುತ್ತದೆ, ಒಂದು ಸಣ್ಣ ಬಟ್ಟೆ ಚೀಲ ದಾರಕ್ಕೆ ಕಟ್ಟಿಕೊಳ್ಳಿ.

ಬೆಳಗ್ಗೆ ಬಿಚ್ಚಿ ಹಾಗೇ ಸುತ್ತಿಡಬೇಡಿ, ಇಬ್ಬನಿ ಕುಡಿದಿರುತ್ತದೆ. ಬಿಸಿಲು ಬರುವ ತನಕ ಅಲ್ಲೇ ಇರಲಿ, ಬಿಸಿಲು ಚುರುಕಾದ ಮೇಲೆ ಮಾತ್ರ ತೆಗೆಯಿರಿ. ದಿನವಿಡೀ ಬಿಸಿಲಿನಲ್ಲಿ ಬಿಟ್ಟರೆ ಬಟ್ಟೆ ಸತ್ವ ಕಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಬೆಲ್ಟಿನ ಹೊಲಿಗೆ, ಹ್ಯಾಮಕ್ಕಿನ ತುದಿ ಎರಡನ್ನೂ ಕಣ್ಣಿಟ್ಟು ನೋಡಿ. ಎಳೆ ಎದ್ದಿದ್ದರೆ ಬದಲಾಯಿಸಿ. ಮತ್ತೆ ಮೋಟರ್ ಮನೆಯಲ್ಲಿ ಇಡುವುದಾದರೆ ನೆಲದ ಮೇಲಲ್ಲ, ತೊಲೆಗೆ ತಂತಿ ಕಟ್ಟಿ ನೇತುಹಾಕಿ. ನನ್ನ ಮೊದಲನೇ ಹ್ಯಾಮಕ್ಕಿನಲ್ಲಿ ಕೊಬ್ಬರಿ ಚೂರು ಮರೆತು ಸುತ್ತಿಟ್ಟಿದ್ದೆ. ಇಲಿ ಕೊಬ್ಬರಿಯನ್ನೂ ತಿಂದಿತ್ತು, ಹ್ಯಾಮಕ್ಕನ್ನೂ.